ಮಂಜರಾಯ ಎತ್ತ ಹೋದ

ಆದಿಲಕ್ಷ್ಮಮ್ಮನ ಮಾತು ನಂಬುವುದಾದರೆ, ಅವಳು ಮದುವೆಯಾಗಿ ಹೊಸೂರು ಸೀಮೆಯ ತಳಿ ಎಂಬ ಊರಿನ ಪಕ್ಕದ ಹಳ್ಳಿಗೆ ಬಂದ ವರ್ಷ ಮಾರ್ಗಳಿ ತಿಂಗಳ ಮಂಜನ್ನು ಕುಡುಗೋಲಿನಿಂದ ಕೊಯ್ದು ದಾರಿ ಮಾಡಿಕೊಂಡು ಹೊಲಕ್ಕೆ ಹೋಗಬೇಕಿತ್ತು. ಅತ್ತೆಯ ಎಮ್ಮೆ ಬೆಳಿಗ್ಗೆ ಆ ಮಂಜಿನೊಳಗೆ ಹೊಕ್ಕಿದ್ದು, ಮಧ್ಯಾಹ್ನದ ಹೊತ್ತಿಗೆ ಬೇರೆ ಯಾರದೋ ಕೊಟ್ಟಿಗೆಯಲ್ಲಿ ನಿಂತು ಹಾಲು ಕೊಡುತ್ತಿತ್ತಂತೆ. ಎಮ್ಮೆ ವಾಪಸು ಬಂತೇ ಎಂದು ಕೇಳಿದರೆ, "ಬಂತು, ಆದ್ರೆ ತೆಲುಗು ಮಾತಾಡ್ತಿತ್ತು" ಅನ್ನುವಳು.

ಗಂಡ ಮುನಿಶಾಮಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಅವಳ ಬಾಯಿ ಒಂದು ದಿನವೂ ತೀರಿರಲಿಲ್ಲ. ಅವಳಿದ್ದ ಕಡೆ ನಾಲ್ಕು ಹೆಂಗಸರು ನಗುತ್ತಿದ್ದರು. ಅವರೆಕಾಯಿ ಕೀಳುವ ಕಾಲ ಬಂದರಂತೂ ಅವಳಿಗೊಂದು ಪದ ಇತ್ತು. ಅತ್ತೆಯೂ ಅವಳೂ ಎದುರು ಬದುರು ಕೂತು ರಾಗಿ ಬೀಸುವಾಗ ಕಲಿತದ್ದು. ಬೀಸುವ ಕಲ್ಲು ಈಗ ಬಚ್ಚಲ ಪಕ್ಕ ಬೋರಲು ಬಿದ್ದು, ಬಟ್ಟೆ ಒಗೆಯುವುದಕ್ಕೆ ಆಗಿದೆ. ಪದ ಮಾತ್ರ ಸವೆದಿರಲಿಲ್ಲ:

ಇರುಳೆಲ್ಲ ಮೈಮ್ಯಾಲೆ ಒರಗಿದ್ದ ಮಂಜರಾಯ
ಹೊತ್ತು ಮೂಡೋ ಮುಂಚೆ ಎತ್ತ ಹೋದ
ಅಂತ ಅವರೆಯ ಬಳ್ಳಿ ಬಿಸಿಲ ಕೇಳ್ಯಾಳೆ

ಬಿಸಿಲಪ್ಪ ನಕ್ಕಾನೆ ಬೆಳ್ಳಿ ಹಲ್ಲ ಬಿಟ್ಟು
ಹೋದೋನ ಹುಡುಕ್ಬ್ಯಾಡ ಬಯಲಾಗೆ
ನಿನ್ನ ಮಡಿಲ ಕಾಯಿ ಮೂಸಿ ನೋಡೆ

ಹೆಂಗಸರು ಇದನ್ನು ನಗುವುದಕ್ಕೇ ಇಟ್ಟುಕೊಂಡಿದ್ದರು. ರಾತ್ರಿ ಬಂದ ಗಂಡ ಬೆಳಗಾಗುವ ಮುಂಚೆ ಕಾಲಿಗೆ ಬುದ್ಧಿ ಹೇಳಿದ. ಇವಳ ಮಡಿಲಲ್ಲಿ ನೋಡಿದರೆ ಕಾಯಿ! ಆದಿಲಕ್ಷ್ಮಮ್ಮ ಒಂದೊಂದು ಸಾಲಿಗೂ ಒಂದೊಂದು ಮಾತು ಸೇರಿಸಿ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಯಾರಿಗೂ ಹಾಡು ಕೇಳದಷ್ಟು ನಗು ಎದ್ದಿರುತ್ತಿತ್ತು.

ಆ ಬೆಳಿಗ್ಗೆ ಆದದ್ದೂ ಅದೇ. ಅವಳೂ ಪಕ್ಕದ ಮನೆಯ ರಾಮಕ್ಕನೂ ಸೊಂಟಕ್ಕೆ ಮಡಿಲು ಕಟ್ಟಿಕೊಂಡು ಅವರೆ ಸಾಲಿಗೆ ಇಳಿದಾಗ ಒಂದು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ. ಎಲೆಯಿಂದ ನೀರು ತೊಟ್ಟಿಕ್ಕಿ ಮೊಣಕೈವರೆಗೆ ಒದ್ದೆ. ಚಳಿಗೆ ಮದ್ದೆಂದು ಆದಿಲಕ್ಷ್ಮಮ್ಮ ಪದ ಎತ್ತಿದಳು.

"ಎತ್ಲಾಗೆ ಹೋದ್ನಕ್ಕಾ ನಿನ್ ಮಂಜರಾಯ?" ರಾಮಕ್ಕ ಕೇಳಿದಳು.

"ಚಪ್ಲೀನೂ ಬಿಟ್ಟು ಓಡ್ದ ಕಣೆ! ನಮ್ಮತ್ತೆ ಕೆಮ್ಮಿದ್ ಸದ್ದಿಗೆ ಹೊಸೂರ್ಗಂಟ ಓಡ್ಬುಟ್ಟ!"

ಇಬ್ಬರೂ ಬಳ್ಳಿ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕರು. ಅಷ್ಟರಲ್ಲಿ ಬೆಳಕು ಹರಿದು ಮಂಜು ತುಸು ಮೇಲೆದ್ದಿತು. ಬದುವಿನ ಆಚೆ, ನಾಲ್ಕು ಸಾಲು ದೂರದಲ್ಲಿ, ತನ್ನ ಹೊಲದಲ್ಲಿ ಸರಳಾ ನಿಂತಿದ್ದಳು. ಬರಿಗೈ. ಇವರು ಬರುವ ಮುಂಚೆಯೇ ಬಂದು ನಿಂತಿರಬೇಕು. ಅವಳು ತಿರುಗಿ ಮನೆಯ ದಾರಿ ಹಿಡಿದಳು.

ರಾಮಕ್ಕ ಅಲ್ಲೇ ಕುಕ್ಕರಿಸಿದಳು. "ಅಯ್ಯೋ ನಮ್ ಬಾಯಿಗೆ ಮಣ್ಣಾಕ."

ಸರಳಾ ಆದಿಲಕ್ಷ್ಮಮ್ಮನ ತಂಗಿಯ ಸೊಸೆ. ತಂಗಿ ಮಗ ಕೆಂಪರಾಜು ಹೊಸೂರಿನ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವನು. ಆಷಾಢದಲ್ಲಿ ಲೀವು ಹಾಕಿ ಈ ಹೊಲಕ್ಕೆ ಅವರೆ ಬಿತ್ತಿದ. ಮೊಳಕೆ ಎರಡೆಲೆ ಬಿಡುವಾಗ ಎದೆ ಹಿಡಿದುಕೊಂಡು ಮಲಗಿದವನು ಏಳಲೇ ಇಲ್ಲ. ಮಳೆ ಅವರೆಯನ್ನು ತಾನೇ ಬೆಳೆಸಿತು. ಈಗ ಊರಿನ ಯಾವ ಹೊಲದಲ್ಲೂ ಅಷ್ಟು ಕಾಯಿ ಇರಲಿಲ್ಲ. ಸರಳಾ ಒಂದನ್ನೂ ಕಿತ್ತಿರಲಿಲ್ಲ, ಯಾರಿಗೂ ಕೀಳಲು ಬಿಟ್ಟಿರಲಿಲ್ಲ. ಮೈದುನ ಮುನಿರತ್ನ ಕೇಳಿ ಸೋತ, ಅತ್ತೆ ಅತ್ತು ಸೋತಳು. "ಅವ್ರು ಬಿತ್ತಿದ್ದು. ಕಿತ್ಬುಟ್ರೆ ಮುಗ್ದೋಯ್ತಲ್ಲ" ಎಂದಷ್ಟೇ ಅವಳು ಅಂದದ್ದು. ಬೆಳಿಗ್ಗೆ ಬೆಳಿಗ್ಗೆ ಹೋಗಿ ಸುಮ್ಮನೆ ನಿಂತು ಬರುವಳು. ಸಂಕ್ರಾಂತಿ ಹತ್ತಿರ ಬಂದಿತ್ತು. ಅದು ಕಳೆದರೆ ಮಂಜು ನಿಲ್ಲುತ್ತದೆ, ಕಾಯಿಯ ಸೊಗಡು ಇಳಿಯುತ್ತದೆ, ಕಾಯಿ ಬಲಿತು ಕಟಕಟ ಅನ್ನುತ್ತದೆ.

ಆ ದಿನ ಆದಿಲಕ್ಷ್ಮಮ್ಮ ಮುದ್ದೆಯ ತಟ್ಟೆಯನ್ನು ಹಾಗೇ ಸರಿಸಿಟ್ಟಳು. ಗಂಡ ಸತ್ತವಳ ಎದುರಿಗೆ ನಿಂತು 'ಗಂಡ ಎತ್ತ ಹೋದ' ಎಂದು ಹಾಡಿ ನಕ್ಕುಬಿಟ್ಟೆನಲ್ಲ! ಮುಖ ಹೇಗೆ ತೋರಿಸುವುದು? ಸಂಜೆಗೆ ಹಿತಕಿದ ಅವರೆಬೇಳೆ ಸಾರು ಮಾಡಿದಳು. ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಸರಳಾಳ ಜಗಲಿಗೆ ಹೋದಳು. ಬಾಗಿಲು ದಾಟುವ ಧೈರ್ಯವಾಗದೆ ಮೆಟ್ಟಿಲ ಮೇಲೇ ನಿಂತಳು.

"ಸರಳಾ, ನನ್ ಬಾಯಿಗೆ ಬೀಗ ಇಲ್ಲ ಕಣಮ್ಮಿ. ಹುಟ್ಟಿದ್ ಗಳಿಗೇಲೇ ಸೂಲಗಿತ್ತೀನ ಬೈದೋಳಂತೆ ನಾನು..."

ಸರಳಾ ನಗಲಿಲ್ಲ. "ಕೂತ್ಕೊ ದೊಡ್ಡತ್ತೆ" ಅಂದಳು. ಪಾತ್ರೆ ಇಸಿದುಕೊಂಡು ಪಕ್ಕದಲ್ಲಿಟ್ಟಳು. "ಆ ಪದ ಪೂರ್ತಿ ಹೇಳು" ಅಂದಳು.

"ಬ್ಯಾಡ ಬಿಡೆ."

"ಹೇಳು. ಎತ್ತ ಹೋದ ಅನ್ನೋಗಂಟ ಕೇಳ್ತು. ಆಮೇಲೆ ನಿಮ್ ನಗು. ಬಿಸಿಲು ಏನಂತ ಹೇಳ್ತು?"

ಆದಿಲಕ್ಷ್ಮಮ್ಮ ಬೇರೆ ದಾರಿ ಕಾಣದೆ ಹೇಳಿದಳು. ಮಧ್ಯೆ ಸೇರಿಸಲು ಮಾತಿಲ್ಲ, ನಗಲು ರಾಮಕ್ಕ ಇಲ್ಲ. ಕಲ್ಲು ತಿರುಗುವ ನಿಧಾನದಲ್ಲೇ ಪದ ಬಂತು. ಇಷ್ಟು ವರ್ಷ ಮುಂದಿನ ಸಾಲಿನ ನಗುವಿಗಾಗಿ ಒಂದೇ ಉಸಿರಿಗೆ ದಾಟುತ್ತಿದ್ದ ಸಾಲು ಈಗ ಅಡ್ಡ ನಿಂತಿತು: ಹೋದೋನ ಹುಡುಕ್ಬ್ಯಾಡ ಬಯಲಾಗೆ. ಆಮೇಲೆ ಮೆಲ್ಲಗೆ ಕೊನೆಯ ಸಾಲು ಹೇಳಿದಳು.

"ಮೂಸು ಅಂತಾನಾ?" ಸರಳಾ ಕೇಳಿದಳು. "ಹಿಡ್ಕೋ ಅನ್ಲಿಲ್ವಾ? ನೋಡ್ಕೋ ಅನ್ಲಿಲ್ವಾ?"

"ಇಲ್ಲ. ಮೂಸು ಅಂತಾನೆ."

"ಯಾಕೆ?"

ಯಾಕೆಂದು ಆದಿಲಕ್ಷ್ಮಮ್ಮ ಯಾವತ್ತೂ ಕೇಳಿಕೊಂಡಿರಲಿಲ್ಲ. ತಮಾಷೆ ಒಂದನ್ನು ಹುಡುಕಿದಳು, ಸಿಗಲಿಲ್ಲ. ಕೊನೆಗೆ ಹೊಲದ ಮಾತೇ ಬಾಯಿಗೆ ಬಂತು. "ಸೊಗಡು ಬರೋದೇ ಮಂಜಿಂದ ಅಲ್ವೇನೆ? ಮಂಜು ಬೀಳ್ದಿದ್ರೆ ಅವರೆಗೆ ಗಮ ಎಲ್ಲಿಂದ ಬತ್ತದೆ? ಅದು ಹೋಗ್ತದೆ ನಿಜ. ಹೋಗಿ ಇರೋದು ಆ ಕಾಯಾಗೇ..." ಹೇಳುತ್ತಾ ಹೇಳುತ್ತಾ ಅವಳ ಮಾತು ಅವಳಿಗೇ ಕೇಳಿಸಿತು. ಮುನಿಶಾಮಪ್ಪ ಹೋದ ವರ್ಷ ಅವರೆ ಕಾಲದಲ್ಲಿ ಎಲ್ಲರಿಗಿಂತ ಜೋರಾಗಿ ಈ ಪದ ಹಾಡಿದವಳು ತಾನೇ. ಆಗಿನಿಂದಲೇ ಅಲ್ಲವೇ ಇಷ್ಟೊಂದು ನಗು ಸೇರಿಸಿದ್ದು?

"ಕೀಳ್ದೆ ಬಿಟ್ಬಿಟ್ರೆ?" ಸರಳಾಳ ದನಿ ಸಣ್ಣದಾಗಿತ್ತು.

"ಒಣಗ್ತದೆ."

"ಒಣಕಾಳು ಆಗ್ತದಲ್ಲ?"

"ಆಗ್ತದೆ. ಬೇಯ್ತದೆ, ಹೊಟ್ಟೆ ತುಂಬ್ತದೆ. ಗಮ ಇರಲ್ಲ ಕಣಮ್ಮಿ."

ಆದಿಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಬಾ ಅನ್ನಲಿಲ್ಲ, ಕೀಳು ಅನ್ನಲಿಲ್ಲ. ಅಷ್ಟು ಕಡಿಮೆ ಮಾತಾಡಿ ಯಾರ ಜಗಲಿಯಿಂದಲೂ ಅವಳು ಇಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಂಜು ಹಿಂದಿನ ದಿನಕ್ಕಿಂತ ಹೆಚ್ಚು. ಆದಿಲಕ್ಷ್ಮಮ್ಮ ರಾಮಕ್ಕನನ್ನು ಕರೆಯದೆ ಒಬ್ಬಳೇ ಹೋಗಿ ಬದುವಿನ ಪಕ್ಕದ ಸಾಲು ಹಿಡಿದಳು. ಹಾಡಲಿಲ್ಲ. ಒಂದೊಂದು ಕಾಯಿ ಕಿತ್ತು ನಿಂತು ಆಚೆ ಕಿವಿ ಕೊಡುವಳು. ಎಲೆಯ ನೀರು ತೊಟ್ಟಿಕ್ಕುವ ಸದ್ದು. ರಸ್ತೆಯಲ್ಲಿ ಕಂಪನಿ ಬಸ್ಸು ಹಾರನ್ ಹೊಡೆದು ಹೋಯಿತು. ಕೆಂಪರಾಜು ಹತ್ತುತ್ತಿದ್ದ ಬಸ್ಸು ಅದೇ. ಆಮೇಲೆ ಮತ್ತೆ ಬರೀ ನೀರಿನ ಸದ್ದು. ಬರಲಾರಳು ಎಂದುಕೊಂಡಳು. ಬಂದರೂ ನಿಂತು ಹೋಗುವವಳೇ.

ಟಕ್ ಎಂದಿತು.

ಕಾಯಿಯ ತೊಟ್ಟು ಮುರಿದ ಸದ್ದು. ಆದಿಲಕ್ಷ್ಮಮ್ಮ ಉಸಿರು ಹಿಡಿದಳು. ಇನ್ನೊಂದಕ್ಕಾಗಿ ಕಾದಳು, ಬರಲಿಲ್ಲ. ತಡೆಯಲಾರದೆ ಬದು ದಾಟಿ ಮಂಜಿನೊಳಗೆ ನಾಲ್ಕು ಹೆಜ್ಜೆ ಹಾಕಿದಳು. ಸರಳಾ ಸಾಲಿನ ಮಧ್ಯೆ ಕೂತಿದ್ದಳು. ಒಂದೇ ಒಂದು ಕಾಯಿ ಅಂಗೈಯಲ್ಲಿತ್ತು. ಅದನ್ನು ಉಜ್ಜುವಳು, ಮೂಗಿಗೆ ಹಿಡಿಯುವಳು, ಮತ್ತೆ ಉಜ್ಜುವಳು. ಕೆನ್ನೆ ಒದ್ದೆಯಾಗಿತ್ತು. ಮಂಜಿನಲ್ಲಿ ಎಲ್ಲರ ಕೆನ್ನೆಯೂ ಒದ್ದೆ ತಾನೇ ಎಂದುಕೊಂಡು ಆದಿಲಕ್ಷ್ಮಮ್ಮ ಅದನ್ನು ಕಾಣದವಳಂತೆ ಪಕ್ಕದಲ್ಲಿ ಕುಕ್ಕರಿಸಿದಳು.

"ಎಷ್ಟು ಗಮ ನೋಡು ದೊಡ್ಡತ್ತೆ." ಸರಳಾ ಕೈ ಚಾಚಿದಳು.

ಆದಿಲಕ್ಷ್ಮಮ್ಮ ಮೂಸಿದಳು. ಅಂಥ ಸೊಗಡಿನ ಕಾಯಿ ಆ ವರ್ಷ ಅವಳ ಹೊಲದಲ್ಲೂ ಇರಲಿಲ್ಲ. ಇಂಥ ಹೊತ್ತಿಗೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ.

"ನಿನ್ ಪುಣ್ಯ ಕಣೆ. ನಿನ್ ಗಂಡ ಅವರೆಕಾಯಿ ಗಮ ಬಿಟ್ಟೋದ. ನಮ್ಮನೆಯೋನು ಬೀಡಿ ವಾಸ್ನೆ ಬಿಟ್ಟೋದ. ಇಪ್ಪತ್ ವರ್ಷ ಆಯ್ತು, ಕಂಬ್ಳಿ ಒಗ್ದೂ ಒಗ್ದೂ ಕೆರೆ ಮೀನೆಲ್ಲ ಕೆಮ್ತಾವೆ, ವಾಸ್ನೆ ಮಾತ್ರ ಹೋಗಲ್ಲ!"

ಸರಳಾಗೆ ನಗು ಬಂತು. ತಡೆಯುವುದರೊಳಗೆ ಬಂದೇಬಿಟ್ಟಿತು. ಬಂದದ್ದಕ್ಕೆ ತಾನೇ ಹೆದರಿದವಳಂತೆ ಸೆರಗಿನಿಂದ ಬಾಯಿ ಮುಚ್ಚಿ ಸುತ್ತ ನೋಡಿದಳು.

"ನಗು" ಅಂದಳು ಆದಿಲಕ್ಷ್ಮಮ್ಮ. "ಮಂಜೈತೆ. ಯಾರ್ಗೂ ಕಾಣಲ್ಲ."

"ಆ ಕಂಬ್ಳಿ ಇನ್ನೂ ಇಟ್ಕಂಡಿದ್ದೀಯಾ?"

"ಎಸೀತೀನಿ ಎಸೀತೀನಿ. ಈ ಚಳಿ ಕಳೀಲಿ."

ಸರಳಾ ಕೈಯಲ್ಲಿದ್ದ ಕಾಯಿಯನ್ನು ಮಡಿಲಿಗೆ ಹಾಕಿದಳು. ಬಗ್ಗಿ ಇನ್ನೊಂದು ಕಿತ್ತಳು. ಆದಿಲಕ್ಷ್ಮಮ್ಮ ಅವಳ ಪಕ್ಕದ ಸಾಲು ಹಿಡಿದಳು. ಬಿಸಿಲು ಏರುವವರೆಗೆ ಇಬ್ಬರೂ ಕಿತ್ತರು. ಮಂಜು ಎತ್ತ ಹೋಯಿತೋ ಯಾರೂ ನೋಡಲಿಲ್ಲ.