ನೀಲಿಗೆ ಅಡ್ಡ ಬಂದ ದೀಪ

ಫಿನ್‌ಲೆಂಡಿನ ಉತ್ತರ ತುದಿಯ ಉತ್ಸ್ಯೋಕಿಯಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಜನವರಿ ಅರ್ಧ ಕಳೆಯುವ ತನಕ ಇತ್ತ ತಲೆ ಹಾಕುವುದಿಲ್ಲ. ಊರಿಗೆಲ್ಲ ಅದು ಅಭ್ಯಾಸ. ಹೆಲ್ಕಾಗೆ ಮಾತ್ರ ಈ ವರ್ಷ ಕತ್ತಲು ಎದೆಯ ಮೇಲೇ ಕೂತುಬಿಟ್ಟಿತ್ತು. ಊಟ ಸೇರದು, ಕಾರಣವಿಲ್ಲದೆ ಅಳು, ಹನ್ನೊಂದಾದರೂ ಹಾಸಿಗೆ ಬಿಟ್ಟೇಳಲಾಗದು. ಎದ್ದ ಕೂಡಲೇ ಬಿಳಿ ಬೆಳಕಿನ ದೊಡ್ಡ ದೀಪದ ಮುಂದೆ ಕೂರಬೇಕು, ತಪ್ಪಿಸಿದರೆ ಇನ್ನೂ ಕುಸಿಯುತ್ತೀರಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಗಂಡ ಔಲಿಸ್ ಫೋಟೋಗ್ರಾಫರ್. ನಡುಹಗಲಲ್ಲಿ ಹಿಮದ ಮೇಲೆ ಸ್ವಲ್ಪ ಹೊತ್ತು ಇಳಿಯುವ ನೀಲಿ ಬೆಳಕೆಂದರೆ ಅವನಿಗೆ ಪ್ರಾಣ. ಹೆಂಡತಿ ದೀಪದೆದುರು ಕೂರುತ್ತಿದ್ದದ್ದೂ ಅದೇ ಹೊತ್ತಿಗೆ. ಆ ನೀಲಿಯಲ್ಲಿ ನಿನ್ನ ಫೋಟೋ ತೆಗೆಯಬೇಕು, ದೀಪ ಅದನ್ನು ಕೆಡಿಸುತ್ತದೆ, ಐದು ನಿಮಿಷ ಆರಿಸು ಎಂದ. ಮರುದಿನ ಆ ಐದು ನಿಮಿಷ ಅರ್ಧ ಗಂಟೆಯಾಯಿತು. ಬರಬರುತ್ತಾ ದೀಪ ಕಪಾಟು ಸೇರಿತು. ಬೇಡ ಅನ್ನುವುದಕ್ಕೂ ಶಕ್ತಿ ಬೇಕಲ್ಲ, ಅವಳು ಸುಮ್ಮನೆ ಕಿಟಕಿಯ ಪಕ್ಕ ಕೂತಳು. ಗಂಡ ದಿನಾ ಇಷ್ಟು ಹೊತ್ತು ತನ್ನನ್ನೇ ನೋಡುತ್ತಾನಲ್ಲ ಎಂದು ಒಳಗೊಳಗೇ ಸುಖಪಟ್ಟಳು ಕೂಡ, ಹುಚ್ಚಿ.

ಸೂರ್ಯ ಮರಳುವ ಮೊದಲೇ ಊರಿನ ಗ್ರಂಥಾಲಯದಲ್ಲಿ ಪ್ರದರ್ಶನ ನಡೆಯಿತು. ಗೋಡೆ ತುಂಬ ಹೆಲ್ಕಾ. ಮೊದಲ ಚಿತ್ರದಲ್ಲಿ ತುಂಬಿದ ಕೆನ್ನೆ, ಕೊನೆಯದರಲ್ಲಿ ಬರೀ ಮೂಳೆ. ಬಂದವರು ಏಲಕ್ಕಿ ಬನ್ನು ತಿನ್ನುತ್ತಾ ಆಹಾ ಎಂದರು. ಡಿಸೆಂಬರಿನಲ್ಲಿ ಮುಖ ಬತ್ತಿದ ಮೇಲೇ ನೆರಳು ಚೆನ್ನಾಗಿ ಕೂತಿತು ಎಂದು ಔಲಿಸ್ ಅವರಿಗೆ ವಿವರಿಸುತ್ತಿದ್ದುದು ಅವಳ ಕಿವಿಗೂ ಬಿತ್ತು.

ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಕೇಳಿದಳು: "ನಾನು ಒಣಗ್ತಿರೋದು ನಿಂಗೆ ಗೊತ್ತಿತ್ತು, ಅಲ್ವಾ?"

"ಗೊತ್ತಾಗದೆ ಏನು? ದಿನಾ ನೋಡ್ತಿದ್ನಲ್ಲ."

"ಹೇಗಿದ್ದೀಯ ಅಂತ ಒಂದು ಮಾತು ಕೇಳೋಕಾಗ್ಲಿಲ್ವಾ?"

"ಕೇಳಿದ್ರೆ ನೀನು ಮುಖ ಸರಿಮಾಡ್ಕೊಂಡು ಕೂತ್ಬಿಡ್ತಿದ್ದೆ."

ಅವಳು ದಕ್ಷಿಣದ ಔಲು ನಗರದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿ, ಬರುತ್ತೇನೆ, ಮತ್ತೆ ಈ ಮನೆಗೆ ಕಾಲಿಡುವುದಿಲ್ಲ ಎಂದಳು. ಮರುದಿನ ಮಧ್ಯಾಹ್ನ ಪೆಟ್ಟಿಗೆ ಹಿಡಿದು ಹೊರಟಾಗ ಔಲಿಸ್ ತಡೆಯಲಿಲ್ಲ. ಕ್ಯಾಮೆರಾ ಎತ್ತಿಕೊಂಡ.

"ಹೋಗೋದಾದ್ರೆ ಹೋಗು ಮಾರಾಯ್ತಿ. ಬಾಗಿಲಲ್ಲಿ ಒಂದು ಗಳಿಗೆ ನಿಂತ್ಕೋ, ಅಷ್ಟೆ."

ಅವನ ಜನ್ಮ ಜಾಲಾಡಿಬಿಡಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಮುಖ ತಾನಾಗಿಯೇ ಹೊರಗಿನ ನೀಲಿ ಬೆಳಕಿನ ಕಡೆ ತಿರುಗಿತ್ತು, ಗದ್ದ ಅವನಿಗೆ ಬೇಕಾದಷ್ಟೇ ಎತ್ತಿಕೊಂಡು.