ಗಾಳಿಗೆ ಒತ್ತಿದ ಮದ್ದು

ಆಂಜಿನಮ್ಮನಿಗೆ ಮಗಳ ಉಬ್ಬಸಕ್ಕಿಂತ ಶಾಜಿಯಾಳ ಸ್ಕೂಟರ್ ಕಂಡರೇ ಹೆಚ್ಚು ಭಯ. ಸ್ಕೂಟರ್ ಎಂದರೆ ಸುಮ್ಮನೆ ಸ್ಕೂಟರೇ? ಮುಂದುಗಡೆ ಶ್ವಾಸಕೋಶದ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಅಸ್ತಮಾ, ಅಲರ್ಜಿ ತಿಳಿವಳಿಕೆ’ ಎಂದು ಅಂಟಿಸಿಕೊಂಡ ಸ್ಕೂಟರು. ಅದು ಚನ್ನರಾಯನದುರ್ಗದ ಬೀದಿಗೆ ತಿರುಗಿ ಯಾರ ಮನೆ ಮುಂದೆ ನಿಂತಿತೋ ಆ ಮನೆಯಲ್ಲಿ ರೋಗ ಇದೆ ಎಂದು ಡಂಗುರ ಹೊಡೆದ ಹಾಗೆಯೇ. ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದರಂತೂ ಕಥೆ ಮುಗಿಯಿತು.

ಶಾಜಿಯಾ ಕೆಟ್ಟವಳಲ್ಲ. ಶಿರಾದ ಹುಡುಗಿ, ಬಾಯಿ ಜೋರು, ಮನಸ್ಸು ಮೆದು. ಯಾವುದೋ ಸಂಸ್ಥೆಯವರು ಅವಳ ಕೈಗೊಂದು ಟ್ಯಾಬ್ ಕೊಟ್ಟು, ಉಬ್ಬಸದವರಿಗೆ ಮದ್ದಿನ ಪಂಪು, ಅಂದರೆ ಇನ್‌ಹೇಲರ್, ಎಳೆಯುವುದನ್ನು ಕಲಿಸಿ ಬಾ ಎಂದು ಊರೂರಿಗೆ ಕಳಿಸುತ್ತಿದ್ದರು. ಆಂಜಿನಮ್ಮನ ಮಗಳು ಧನಲಕ್ಷ್ಮಿಗೂ ಅವಳೇ ಕಲಿಸಿದ್ದು. ಉಸಿರು ಪೂರ್ತಿ ಬಿಡು, ಪಂಪು ಬಾಯಿಗಿಡು, ಒತ್ತು, ನಿಧಾನಕ್ಕೆ ಎಳಿ, ಹಿಡಿದಿಟ್ಟುಕೋ. ಪಂಪಿನ ತಲೆಯ ಮೇಲೆ ಒಂದು ಪುಟ್ಟ ಬಿಲ್ಲೆ ಕೂರಿಸಿ ಹೋಗಿದ್ದಳು. ಪಂಪು ಒತ್ತಿದರೆ ಧನಲಕ್ಷ್ಮಿಯ ಫೋನಿನಲ್ಲಿ ಆ ಹೊತ್ತಿನ ಚೌಕ ಹಸಿರಾಗುತ್ತದೆ, ಮರೆತರೆ ಕೆಂಪಾಗುತ್ತದೆ. ಅದೇ ಹಸಿರು ಕೆಂಪು ಶಾಜಿಯಾಳ ಟ್ಯಾಬಿಗೂ ಹೋಗುತ್ತದೆ, ತುಮಕೂರಿನಲ್ಲಿ ಕೂತ ಡಾಕ್ಟರ ಕಂಪ್ಯೂಟರಿಗೂ ಹೋಗುತ್ತದೆ. ಕೆಂಪು ಬಿದ್ದ ಮನೆ ಹುಡುಕಿಕೊಂಡು ಸ್ಕೂಟರ್ ಬರುತ್ತದೆ.

ಮೊದಮೊದಲು ಧನಲಕ್ಷ್ಮಿ ಶ್ರದ್ಧೆಯಿಂದಲೇ ಎಳೆದಳು. ಕೆಮ್ಮು ನಿಂತಿತು. ರಾತ್ರಿ ಗೋಡೆಗೊರಗಿ ಕೂತು ಬೆಳಗು ಮಾಡುವುದು ತಪ್ಪಿತು. ಒಂದು ಭಾನುವಾರ ಗೆಳತಿಯರ ಜೊತೆ ದುರ್ಗ ಹತ್ತಿ ಫೋಟೋ ತೆಗೆಸಿಕೊಂಡು ಇಳಿದಳು! ಆಂಜಿನಮ್ಮನ ಪಾಲಿಗೆ ಅಲ್ಲಿಗೆ ರೋಗ ವಾಸಿಯಾಯಿತು. ವಾಸಿಯಾದ ಮೇಲೆ ಮದ್ದೇಕೆ? ಜ್ವರ ಬಿಟ್ಟ ಮೇಲೂ ಯಾರಾದರೂ ಮಾತ್ರೆ ನುಂಗುತ್ತಾರೆಯೇ? ಪಂಪಿಗೆ ಬಿದ್ದವರು ಸಾಯುವ ತನಕ ಅದನ್ನು ಬಿಡಲಾರರು ಎಂದು ಊರಲ್ಲಿ ಎಷ್ಟು ಜನ ಹೇಳಿಲ್ಲ!

“ಚಟ ಆಗ್ಬುಡ್ತದೆ ಕಣಮ್ಮ, ಸಾಕು ಬುಡು,” ಎಂದು ಪಂಪನ್ನು ಕಿತ್ತುಕೊಂಡು ರಾಗಿ ಡಬ್ಬದ ಹಿಂದೆ ಇಟ್ಟಳು.

ಚೌಕ ಕೆಂಪಾಯಿತು, ಸ್ಕೂಟರ್ ಬಂತು. ಹಾಳು ಗಳಿಗೆ ನೋಡಿ, ಅವತ್ತೇ ಮಧುಗಿರಿಯಿಂದ ಹೆಣ್ಣು ಕೇಳುವವರು ಬಂದು ಬೀದಿಯ ಕೊನೆಯಲ್ಲಿ ಇಳಿಯುತ್ತಿದ್ದರು. ಸ್ಕೂಟರಿನ ಚಿತ್ರ ನೋಡಿದರು, ಎದುರು ಸಿಕ್ಕವರನ್ನು ಏನೋ ಕೇಳಿದರು, ಒಂದು ಲೋಟ ನೀರೂ ಕುಡಿಯದೆ ವಾಪಸು ಹೋದರು. ಆಂಜಿನಮ್ಮ ಹೋಗಿ ಸ್ಕೂಟರಿಗೆ ಅಡ್ಡ ನಿಂತಳು. ಶಾಜಿಯಾಳ ಮುಂದೆ ಕೈ ಮುಗಿದಳು.

“ನಮ್ಮನೆಗ್ ಬರ್ಬೇಡ ಕಣಮ್ಮ ತಾಯಿ. ನಿನ್ ಕಾಲಿಗ್ ಬೀಳ್ತೀನಿ.”

“ಅಯ್ಯೋ ಅಮ್ಮಾ, ನಂಗೇನ್ ಆಸೆನಾ?” ಶಾಜಿಯಾ ನಕ್ಕಳು. “ಕೆಂಪು ಬಿದ್ರೆ ಬರ್ಲೇಬೇಕು. ದಿನಾ ಹಸಿರಿರ್ಲಿ, ನಿಮ್ ಬೀದಿ ಕಡೆ ತಲೆನೂ ಹಾಕಲ್ಲ, ಸಚ್ಚೀ!”

ಅವಳು ಪಂಪು ಬಿಡಬೇಡಿ ಎಂಬರ್ಥದಲ್ಲಿ ಹೇಳಿದ್ದು. ಆಂಜಿನಮ್ಮನ ಕಿವಿಗೆ ಬಿದ್ದಿದ್ದು ಹಸಿರಿದ್ದರೆ ಸ್ಕೂಟರ್ ಇಲ್ಲ ಎಂಬುದೊಂದೇ. ಮಾರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋಗಿ, ಪಂಪನ್ನು ಕೈಯಲ್ಲಿ ಹಿಡಿದು, ಗಾಳಿಗೆ ಒತ್ತಿದಳು. ಬುಸ್ ಎಂದು ಬಿಳಿ ಹೊಗೆ ಹಾರಿತು. ಒಳಗೆ ಬಂದು ಮಗಳ ಫೋನು ನೋಡಿದರೆ ಚೌಕ ಹಸಿರು. ಅಯ್ಯೋ ಶಿವನೇ, ಇಷ್ಟೇನಾ ಇದು! ಸಂಜೆ ಇನ್ನೊಮ್ಮೆ ಒತ್ತಿದಳು. ಆಮೇಲಾಮೇಲೆ ಹಾಲು ಕರೆಯುವುದು, ಕಸ ಗುಡಿಸುವುದರ ಜೊತೆಗೆ ಅದೂ ಒಂದು ಮನೆಗೆಲಸವಾಯಿತು. ಧನಲಕ್ಷ್ಮಿ ನೋಡಿಯೂ ಸುಮ್ಮನಿದ್ದಳು. ಉಸಿರು ಸಲೀಸಾಗಿದ್ದಾಗ ಮದ್ದು ಯಾರಿಗೆ ಬೇಕು? ಗಂಡ ಮೂಡಲಗಿರಿಯಪ್ಪನಿಗೆ ಮಾತ್ರ ಇದೇನೂ ತಿಳಿಯದು. ಅವನು ಮಗಳ ಫೋನು ತೆಗೆದು ರೋಗದ ವಿಷಯ ಗೊತ್ತಿದ್ದ ಅಕ್ಕಪಕ್ಕದವರಿಗೆಲ್ಲ ಹಸಿರು ಸಾಲು ತೋರಿಸುತ್ತಿದ್ದ.

“ನಮ್ ಹುಡ್ಗಿ ಒಂದ್ ಹೊತ್ತೂ ತಪ್ಸಲ್ಲ ಕಣ್ಲಾ, ಏನ್ ತಿಳ್ಕಂಡಿದ್ದೀಯ!”

ಹುಣಸೆಹಣ್ಣು ಕುಟ್ಟುವ ಕಾಲ ಬಂತು. ಮನೆಮನೆಯ ಜಗುಲಿಯಲ್ಲೂ ಹೆಂಗಸರು ಸಿಪ್ಪೆ ಬಿಡಿಸಿ ಬೀಜ ತೆಗೆಯುವಾಗ ಏಳುವ ಧೂಳು ಬೀದಿಯ ಮೇಲೆಲ್ಲ ಕೂತಿತು. ಧನಲಕ್ಷ್ಮಿಗೆ ಕೆಮ್ಮು ಮರುಕಳಿಸಿತು. ಸುದ್ದಿ ತಿಳಿದ ಶಾಜಿಯಾ ಸ್ಕೂಟರನ್ನು ದೂರ ನಿಲ್ಲಿಸಿ ಬಂದು, ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ಟ್ಯಾಬಿನಲ್ಲಿ ತುಮಕೂರಿನ ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಹಸಿರು ಸಾಲು ನೋಡಿ ಖುಷಿಯಾದರು. ಇಷ್ಟು ಚೆನ್ನಾಗಿ ಮದ್ದು ತೆಗೆದುಕೊಳ್ಳುವವರನ್ನು ನಾನು ಕಂಡೇ ಇಲ್ಲ ಎಂದರು. ತೆಗೆದುಕೊಂಡರೂ ಕೆಮ್ಮು ಬರುತ್ತಿದೆ ಎಂದರೆ ಮದ್ದು ಸಾಲದು ಎಂದು ಹೆಚ್ಚು ಶಕ್ತಿಯ ಪಂಪು ಬರೆದರು. ಧನಲಕ್ಷ್ಮಿ ಏನೋ ಹೇಳಲು ಬಾಯಿ ತೆರೆದಳು. ಆಂಜಿನಮ್ಮ ಮಗಳ ತೊಡೆ ಹಿಂಡಿದಳು. ಆ ಹೊಸ ಪಂಪನ್ನೂ ಮಾರನೆ ದಿನದಿಂದ ಹಿತ್ತಿಲಲ್ಲಿ ಗಾಳಿಗೇ ಒತ್ತಿದಳು.

“ಅವ್ವಾ, ಎದೆ ಹಿಡ್ಕಂತೈತೆ. ಕೊಡವ್ವ ಅದನ್ನ. ಹೆಂಗೂ ದಿನಾ ಚೆಲ್ತಾ ಇದ್ದೀಯ, ನನ್ ಬಾಯಿಗಾದ್ರೂ ಒತ್ತು,” ಎಂದಳು ಧನಲಕ್ಷ್ಮಿ ಒಂದು ಸಂಜೆ.

ಆಂಜಿನಮ್ಮ ಕರಗಿದಳು. ಕರಗದೆ ಇರಲು ಅವಳೇನು ಕಲ್ಲೇ? ಆದರೆ ಹಿಂದಿನ ದಿನವಷ್ಟೇ ತಾವರೆಕೆರೆಯ ರೇಣುಕಯ್ಯನಿಂದ ಮಾತು ಬಂದಿತ್ತು. ಮಗ ಶಿರಾದಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಮನೆತನ, ಹುಡುಗಿ ಒಪ್ಪಿಗೆಯಾದರೆ ಸಾಕು ಎಂದಿದ್ದರು. ಈಗ ಪಂಪಿನ ಚಟ ಹತ್ತಿಸಿ ಕಳಿಸಿದರೆ ಆ ಮನೆಯಲ್ಲಿ ಇವಳನ್ನು ಒಂದು ವಾರ ಇಟ್ಟುಕೊಂಡಾರೆಯೇ?

“ಇನ್ನೊಂದೀಟು ದಿನ ತಡ್ಕಳವ್ವ. ತಾಳಿ ಒಂದ್ ಬೀಳ್ಲಿ, ಆಮೇಲೆ ನಿನ್ ಗಂಡಂಗೆ ನಿಧಾನುಕ್ಕೆ ಹೇಳ್ಕಂಡು ತಗಳೀವಂತೆ. ನನ್ ಬಂಗಾರ ಅಲ್ವಾ ನೀನು?”

ಬಂಗಾರ ಸುಮ್ಮನಾಯಿತು. ತೀರಾ ಉಸಿರು ಕಟ್ಟಿದಾಗ ಎಳೆಯುವ ನೀಲಿ ಪಂಪು ಬೇರೆ ಇತ್ತು. ಅದನ್ನೇ ಕಾಲೇಜು ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು, ಕದ್ದು ಎಳೆಯುತ್ತಾ ದಿನ ನೂಕಿತು.

ರೇಣುಕಯ್ಯನವರು ಹೆಣ್ಣು ನೋಡಲು ಬರುವ ದಿನ ಆಂಜಿನಮ್ಮ ಮಗಳಿಗೆ ತಾನೇ ಎಣ್ಣೆ ನೀರು ಹಾಕಿದಳು. ಒದ್ದೆ ಕೂದಲು ಹರಡಿ ಕೂರಿಸಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೇಲೆ ಬುಟ್ಟಿ ಕವುಚಿ ಹೊಗೆ ಕೊಟ್ಟಳು. ಹೊಗೆ ಆಗದು ಎಂದು ಶಾಜಿಯಾ ಬಾಯಿ ಬಡಿದುಕೊಂಡಿದ್ದು ನಿಜ. ಆದರೆ ಬೀಡಿ ಹೊಗೆ, ಒಲೆ ಹೊಗೆ, ಸೊಳ್ಳೆ ಬತ್ತಿ ಎಂದಿದ್ದಳೇ ಹೊರತು ಸಾಂಬ್ರಾಣಿ ಎಂದಿರಲಿಲ್ಲ. ಸಾಂಬ್ರಾಣಿ ದೇವರಿಗೆ ಹಾಕುವುದು, ಹಸುಗೂಸಿಗೆ ಹಾಕುವುದು. ಅದರಿಂದ ಕೇಡಾಗುತ್ತದೆ ಎಂದರೆ ಯಾರು ನಂಬುತ್ತಾರೆ? ಧನಲಕ್ಷ್ಮಿ ಸಾಕವ್ವ ಸಾಕವ್ವ ಎಂದು ಮುಖ ತಿರುಗಿಸಿದಳು. ಕೂದಲು ಘಮ್ಮನ್ನಬೇಕು ಎಂದು ತಾಯಿ ಇನ್ನೊಂದು ಚಿಟಿಕೆ ಹಾಕಿದಳು.

ನೆಂಟರು ಬಂದು ಚಾಪೆಯ ಮೇಲೆ ಕೂತರು. ರೇಷ್ಮೆ ಸೀರೆಯುಟ್ಟ ಧನಲಕ್ಷ್ಮಿ ಕಾಫಿ ಕೊಟ್ಟು ಎದುರಿಗೆ ಕೂತಳು. ಅವಳ ಭುಜ ಏರಿ ಇಳಿಯುತ್ತಿದ್ದುದನ್ನು ಕಂಡವಳು ತಾಯಿಯೊಬ್ಬಳೇ.

“ಏನವ್ವ ನಿನ್ ಹೆಸ್ರು?” ರೇಣುಕಯ್ಯ ಅಕ್ಕರೆಯಿಂದಲೇ ಕೇಳಿದರು.

“ಧನ...” ಹುಡುಗಿ ನಿಲ್ಲಿಸಿ ಉಸಿರೆಳೆದಳು. “...ಲಕ್ಷ್ಮಿ.”

“ಭಾಳ ನಾಚ್ಕೆ ಸ್ವಾಮಿ ಇವ್ಳಿಗೆ,” ಎಂದು ಆಂಜಿನಮ್ಮ ನಡುವೆ ಬಾಯಿ ಹಾಕಿದಳು. ಎಲ್ಲರೂ ನಕ್ಕರು.

ಧನಲಕ್ಷ್ಮಿ ಒಳಕೋಣೆಯ ಬಾಗಿಲ ಕಡೆ ನೋಡಿದಳು. ಬ್ಯಾಗು ಅಲ್ಲಿತ್ತು. ತಾಯಿಯ ಮುಖ ನೋಡಿದಳು. ಆಂಜಿನಮ್ಮ ಯಾರಿಗೂ ಕಾಣದ ಹಾಗೆ ತಲೆ ಅಲ್ಲಾಡಿಸಿದಳು. ಇನ್ನೊಂದೇ ಗಳಿಗೆ ಕೂತಿರು ಮಗಳೇ, ಈಗ ಎದ್ದರೆ ಎಲ್ಲ ಹಾಳು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ನೆಂಟರಿಗೇನು ಆತುರ? ಉಪ್ಪಿಟ್ಟು ತಿಂದರು, ಕೇಸರಿಬಾತು ಇನ್ನೊಮ್ಮೆ ಹಾಕಿಸಿಕೊಂಡರು, ಮಳೆ ಬೆಳೆ ಮಾತಾಡಿದರು. ಕೊನೆಗೆ ರೇಣುಕಯ್ಯ ಹುಡುಗಿ ಒಪ್ಪಿಗೆ ಎಂದರು. ಆಂಜಿನಮ್ಮನ ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಅವರನ್ನು ಕಾರಿಗೆ ಹತ್ತಿಸಿ ಬರುವಷ್ಟರಲ್ಲಿ ಧನಲಕ್ಷ್ಮಿ ಒಳಕೋಣೆಯ ನೆಲದ ಮೇಲೆ ಬ್ಯಾಗು ತಬ್ಬಿಕೊಂಡು ಬಿದ್ದಿದ್ದಳು. ತುಟಿ ನೀಲಿಯಾಗಿತ್ತು. ನೀಲಿ ಪಂಪು ಬಾಯಿಗಿಟ್ಟು ಒತ್ತಿದರೆ ಎಳೆದುಕೊಳ್ಳಲು ಅವಳಲ್ಲಿ ಉಸಿರೇ ಇರಲಿಲ್ಲ. ಮೂಡಲಗಿರಿಯಪ್ಪ ಮಗಳನ್ನು ಎತ್ತಿಕೊಂಡು ಬೀದಿಗೆ ಓಡಿದ, ಸಿಕ್ಕಿದ ಆಟೋಗೆ ಹಾಕಿದ. ಮಧುಗಿರಿಯ ದಾರಿಯುದ್ದಕ್ಕೂ ಅವಳು ತಾಯಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಪೇಟೆ ಕಾಣಿಸುವ ಹೊತ್ತಿಗೆ ಆ ಹಿಡಿತ ಸಡಿಲವಾಯಿತು.

ಆಸ್ಪತ್ರೆಯ ಡಾಕ್ಟರು ಮಾಡುವುದೆಲ್ಲ ಮಾಡಿ, ಕೈಚೆಲ್ಲಿ ಹೊರಗೆ ಬಂದರು. ಮೂಡಲಗಿರಿಯಪ್ಪ ಅಳುತ್ತಾ ಮಗಳ ಫೋನು ಅವರ ಮುಂದೆ ಹಿಡಿದ. “ನೋಡಿ ಸಾ, ನಮ್ ಹುಡ್ಗಿ ಒಂದಿನಾನೂ ತಪ್ಸಿಲ್ಲ!” ಡಾಕ್ಟರು ಹಸಿರು ಸಾಲನ್ನು ಬಹಳ ಹೊತ್ತು ನೋಡಿದರು. ನಿಮ್ಮಿಂದ ಏನೂ ತಪ್ಪಾಗಿಲ್ಲ, ಕೆಲವರ ದೇಹ ಮದ್ದಿನ ಮಾತು ಕೇಳುವುದಿಲ್ಲ ಎಂದು ಅವನ ಹೆಗಲು ಮುಟ್ಟಿದರು. ಆಂಜಿನಮ್ಮ ಗೋಡೆಗೆ ಒರಗಿ ನಿಂತಿದ್ದಳು. ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಸುಳ್ಳು ಎಂದು ಗೊತ್ತಿದ್ದೂ ಹಿಡಿದುಕೊಂಡಳು, ಬೇರೇನು ತಾನೇ ಮಾಡಿಯಾಳು?

ಊರೂ ಅದನ್ನೇ ಹಿಡಿಯಿತು, ಬೇರೆ ರೀತಿಯಲ್ಲಿ. ದಿನಾ ತಪ್ಪದೆ ಎಳೆದವಳೇ ಹೋದಳು ಎಂದರೆ ಆ ಪಂಪೇ ಅವಳನ್ನು ತಿಂದುಹಾಕಿದ್ದು ಎಂದು ಮಾತು ಹಬ್ಬಿತು. ಸಾವಿನ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತ ಶಾಜಿಯಾಳನ್ನು ಹೆಂಗಸರು ಬೀದಿಯಲ್ಲೇ ಅಡ್ಡಗಟ್ಟಿ ಬೈದು ಕಳಿಸಿದರು. ಉಬ್ಬಸವಿದ್ದ ಮನೆಯ ಕೆಲವರು ತಮ್ಮ ಪಂಪುಗಳನ್ನು ಅವಳ ಮೇಲೇ ಎಸೆದರು. ಆಂಜಿನಮ್ಮ ಒಳಗೆ ಕೂತು ಎಲ್ಲ ಕೇಳಿಸಿಕೊಂಡಳು. ಬಾಯಿ ಬಿಡಲಿಲ್ಲ.

ತಿಥಿ ಕಳೆದ ಮೇಲೆ ಒಂದು ಸಂಜೆ ಪಕ್ಕದ ಮನೆಯಿಂದ ಒಂದು ಸದ್ದು ಕೇಳಿಸಿತು. ಅದು ವೇದಾವತಿಯ ಮನೆ. ಅವಳ ಪುಟ್ಟ ಮಗಳು ಲಿಖಿತಳಿಗೂ ಉಬ್ಬಸ, ಆ ಮಗುವಿನ ಪಂಪಿಗೂ ಶಾಜಿಯಾ ಬಿಲ್ಲೆ ಕೂರಿಸಿದ್ದಳು. ಎದೆಯೊಳಗಿಂದ ಬರುವ ಆ ಸಿಳ್ಳೆ ಆಂಜಿನಮ್ಮನಿಗೆ ಹೊಸದೇ? ಎದ್ದು ಹೋದಳು. ಮಗು ಜಗುಲಿಯ ಮೇಲೆ ಮಂಡಿಗೆ ಕೈ ಊರಿ ಕೂತಿತ್ತು. ವೇದಾವತಿ ಓಂಕಾಳಿನ ಬಿಸಿನೀರು ಹಿಡಿದಿದ್ದಳು.

“ದಿನಾ ಎಳೆಯೋ ಪಂಪೆಲ್ಲೇ?”

“ತಿಪ್ಪೆಗ್ ಎಸ್ದೆ ಕಣಕ್ಕ. ದಿನಾ ಎಳ್ದು ನಿಮ್ ಧನಾನೇ ಉಳೀಲಿಲ್ಲ, ನನ್ ಕೂಸಿಗ್ಯಾಕೆ ಆ ವಿಷ? ನೀಲೀದೊಂದ್ ಮಡಿಕ್ಕಂಡಿದ್ದೀನಿ, ಈಗ್ತಾನೆ ಕೊಟ್ಟೆ.”

ಆಂಜಿನಮ್ಮ ತಿಪ್ಪೆಗೆ ಹೋಗಿ, ಕೈಯಿಂದಲೇ ಕೆದಕಿ, ಪಂಪು ಹುಡುಕಿ, ಸೀರೆಯ ಅಂಚಿನಲ್ಲಿ ಒರೆಸಿಕೊಂಡು ಬಂದಳು. “ಇದು ವಿಷ ಅಲ್ಲ ಕಣೇ. ನನ್ ಮಗ್ಳು ಇದನ್ನ ಎಳೀಲೇ ಇಲ್ಲ. ನಾನು ಗಾಳಿಗ್ ಒತ್ತುಬುಡ್ತಿದ್ದೆ.”

ವೇದಾವತಿಯ ಮುಖದಲ್ಲಿ ಮರುಕ ಕಂಡಿತು. “ಕೂತ್ಕಳಕ್ಕ. ಮಗ್ಳು ಹೋದ್ ದುಃಖ, ಏನೇನೋ ಅಂತಿದ್ದೀರ. ಫೋನ್ನಾಗೆ ಎಲ್ಲಾ ಹಸಿರೇ ಇತ್ತಲ್ಲ, ಡಾಕ್ಟ್ರೇ ನೋಡವ್ರಲ್ಲ.”

ಹೆಂಡತಿಯನ್ನು ಹುಡುಕಿಕೊಂಡು ಬಂದ ಮೂಡಲಗಿರಿಯಪ್ಪ ಆಗ ಅಂಗಳದಲ್ಲಿ ನಿಂತಿದ್ದ. ಆಂಜಿನಮ್ಮ ಅವನನ್ನು ನೋಡಿದಳು. ಈಗಲೂ ಸುಮ್ಮನಾದರೆ ಊರು ಅವಳನ್ನು ಪಾಪ ಎಂದೇ ಅನ್ನುತ್ತಿತ್ತು. ಮಗು ಕೆಮ್ಮಿತು.

“ನಿನ್ ಫೋನ್ ತಗಿ,” ಎಂದಳು ವೇದಾವತಿಗೆ. ಪಂಪನ್ನು ಎತ್ತಿ ಹಿಡಿದು ಗಾಳಿಗೆ ಒತ್ತಿದಳು. ಫೋನಿನ ಕೆಂಪು ಸಾಲಿನ ಕೊನೆಯಲ್ಲಿ ಒಂದು ಚೌಕ ಹಸಿರಾಯಿತು.

ವೇದಾವತಿ ಒಮ್ಮೆ ಫೋನನ್ನು, ಒಮ್ಮೆ ಆಂಜಿನಮ್ಮನನ್ನು ನೋಡಿದಳು. ಪಂಪನ್ನು ಅವಳ ಕೈಯಿಂದ ಕಿತ್ತುಕೊಂಡು, ಮಗುವನ್ನು ಬಾಚಿ ಎತ್ತಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಸಿರು ಬಿಡು, ಈಗ ಎಳಿ, ಹಿಡ್ಕೋ ಎಂದು ಅವಳು ಹೇಳುವುದು ಹೊರಗೆ ಕೇಳಿಸಿತು.

ಮೂಡಲಗಿರಿಯಪ್ಪ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡಳು. ಹೊಡೆಯಲಿ ಎಂದೂ ಅಂದುಕೊಂಡಳು. ಅವನು ಕೈ ಎತ್ತಲಿಲ್ಲ.

“ಹುಡ್ಗಿ ಕೇಳಿದ್ಲಾ?” ಎಂದ. “ಕೊಡವ್ವ ಅಂತ ಒಂದ್ ದಪನಾದ್ರೂ ಕೇಳಿದ್ಲಾ?”

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ. ಆಂಜಿನಮ್ಮನಿಗೆ ಅದು ಗೊತ್ತಿತ್ತು. ಆದರೆ ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಮುಗಿದುಹೋಗಿತ್ತು.

“ಕೇಳಿದ್ಲು,” ಎಂದಳು.

ಅವನು ಅಲ್ಲಿಯೇ ಕುಕ್ಕರಿಸಿ ಕೂತ.