ಬಾವಿಕಟ್ಟೆ ಹಾಡಿನ ಮೈಕು

ನಾನು ಒಂದು ಮೈಕು. ಮೊದಲೇ ಹೇಳಿಬಿಡುತ್ತೇನೆ, ನನ್ನ ಹೊಟ್ಟೆಯ ಮೇಲೆ ಬಹುಕಾಲ ಅಂಟಿಕೊಂಡಿದ್ದ ಚೀಟಿ ಶುದ್ಧ ಸುಳ್ಳು. ‘ಮಧುಮಾಲಾ ಹಾಡಿದ ಮೈಕು’ ಎಂದು ಅದರಲ್ಲಿ ಬರೆದಿತ್ತು. ಆ ಮಹಾತಾಯಿ ನನ್ನ ಮುಂದೆ ಒಂದು ದಿನವಾದರೂ ಬಾಯಿ ತೆರೆದವಳಲ್ಲ. ಇದನ್ನು ಕೂಗಿ ಹೇಳೋಣವೆಂದರೆ ನನಗೆ ಕಿವಿಯುಂಟು, ಬಾಯಿಲ್ಲ. ಎಲ್ಲ ಕೇಳಿಸಿಕೊಂಡು ಸುಮ್ಮನೆ ನಿಂತಿರುವ ಸಂಕಟ ಏನೆಂದು ಬಾಯಿ ಇದ್ದವರಿಗೆ ಹೇಗೆ ಗೊತ್ತಾಗಬೇಕು?

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಂತೆ. ಅದೆಲ್ಲ ನನಗೆ ನೆನಪಿಲ್ಲ. ನನ್ನ ನೆನಪು ಶುರುವಾಗುವುದು ಬೆಂಗಳೂರಿನ ಶೇಷಾದ್ರಿಪುರದ ಒಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ. ಗೋಡೆಗೆಲ್ಲ ಗೋಣಿತಾಟು ಹೊಡೆದಿದ್ದರು. ಅಲ್ಲಿಗೆ ಬಂದ ಮರುದಿನವೇ ಒಬ್ಬ ಹುಡುಗಿ ನನ್ನ ಮುಂದೆ ಬಂದು ನಿಂತಳು. ಎತ್ತರ ಸಾಲದೆ ಕಾಲಡಿಗೆ ಮಣೆ ಇಟ್ಟುಕೊಂಡಿದ್ದಳು. ಹೆಸರು ಪಂಕಜಾಕ್ಷಿ, ಊರು ತಿಪಟೂರು.

ಪಂಕಜಾಕ್ಷಿ ಟ್ರ್ಯಾಕ್ ಹಾಡುವವಳು. ಹಾಗೆಂದರೆ ಏನೆಂದು ಹೇಳಬೇಕು. ಆಗೆಲ್ಲ ದೊಡ್ಡ ಗಾಯಕಿಯರಿಗೆ ಪುರುಸೊತ್ತು ಇರುತ್ತಿರಲಿಲ್ಲ. ಅದಕ್ಕೆ ಮೊದಲು ಒಬ್ಬ ಬಡಪಾಯಿಯ ಕೈಲಿ ಹಾಡು ಪೂರ್ತಿ ಹಾಡಿಸಿ ಇಟ್ಟುಕೊಳ್ಳುತ್ತಿದ್ದರು. ದೊಡ್ಡವರು ಬಿಡುವಾದಾಗ ಬಂದು, ಅದನ್ನು ಕೇಳಿ ಕಲಿತು, ಅದರ ಜಾಗದಲ್ಲಿ ತಮ್ಮ ದನಿ ಕೂರಿಸಿ ಹೋಗುತ್ತಿದ್ದರು. ಬಡಪಾಯಿಯ ದನಿ ಅಳಿಸಿಹೋಗುತ್ತಿತ್ತು. ಬೇರೆಯವರು ಕೂರುವ ಕುರ್ಚಿಯನ್ನು ಒರೆಸಿಡುವ ಕೆಲಸ ಅದು.

ಒಂದು ದಿನ ‘ಬಾವಿಮನೆ ರಹಸ್ಯ’ ಎಂಬ ದೆವ್ವದ ಸಿನಿಮಾದ ಹಾಡು ಬಂತು. ಸಂಗೀತ ಗೋವರ್ಧನ ಮಾಸ್ತರರದು. ಹಾಡಿನ ಪಲ್ಲವಿ ಇಷ್ಟೇ: ‘ಬಾವಿಕಟ್ಟೆಗೆ ಬಾರೋ, ಬೆಳ್ಳಿ ಬಿಂದಿಗೆ ತಾರೋ.’ ಸತ್ತ ಹೆಂಗಸು ಬಾವಿಯೊಳಗಿಂದ ಗಂಡನನ್ನು ಕರೆಯುವ ಹಾಡು. ಹಾಡಬೇಕಾದವಳು ಮಧುಮಾಲಾ, ಟ್ರ್ಯಾಕ್ ಹಾಡಲು ಪಂಕಜಾಕ್ಷಿ. ಬಾವಿಯ ಸದ್ದು ನಿಜವಾಗಿ ಬರಲಿ ಎಂದು ಸದ್ದು ಮಾಡುವ ಶಿವಲಿಂಗಯ್ಯ ಮನೆಯಿಂದ ಕಬ್ಬಿಣದ ರಾಟೆ, ತಗಡಿನ ಬಕೀಟು, ಹಗ್ಗ ತಂದು ಸೂರಿನ ಕೊಕ್ಕೆಗೆ ಕಟ್ಟಿದ್ದ. ಎರಡನೇ ಚರಣ ಮುಗಿಯುವ ಹೊತ್ತಿಗೆ ಹಗ್ಗ ಜಾರಿತು. ಬಕೀಟಿನ ನೀರೆಲ್ಲ ಮಾಸ್ತರರ ಇಸ್ತ್ರಿ ಪಂಚೆಯ ಮೇಲೆ ಬಿತ್ತು. ರಾಟೆ ಬಂದು ನನ್ನ ಕೆನ್ನೆಗೆ ಬಡಿಯಿತು. ಆ ತಗ್ಗು ಇಂದಿಗೂ ಇದೆ.

ಪಂಕಜಾಕ್ಷಿಗೆ ನಗು ತಡೆಯಲಾಗಲಿಲ್ಲ. ಅವಳ ನಗುವಿನ ರೀತಿಯೇ ಬೇರೆ. ಮೊದಲು ಉಸಿರು ಸಿಕ್ಕಿಕೊಂಡಂತೆ ಎರಡು ಬಿಕ್ಕು, ಆಮೇಲೆ ಕೆಳಗಿನಿಂದ ಮೇಲಕ್ಕೆ ಏರುತ್ತ ಏರುತ್ತ ಹೋಗಿ, ತುದಿಯಲ್ಲಿ ಇದ್ದಕ್ಕಿದ್ದಂತೆ ನಿಂತುಬಿಡುವುದು. ಗಾಜಿನಾಚೆ ಕೂತಿದ್ದ ಸಿನಿಮಾದ ನಿರ್ದೇಶಕರು ಎದ್ದು ನಿಂತರು. “ಟೇಪು ನಿಲ್ಲಿಸಬೇಡ್ರೀ,” ಎಂದರು. “ಈ ನಗು ನಂಗೆ ಬೇಕು. ಕೇಳಿ ನನ್ನ ಮೈಯೇ ಜುಂ ಅಂತು.” ಮಾಸ್ತರರು ಪಂಚೆ ಹಿಂಡುತ್ತ ಹೂಂ ಎಂದರು.

ಮಧುಮಾಲಾ ಬರಬೇಕಾದ ದಿನ ಬರಲಿಲ್ಲ. ಗಂಟಲು ನೋವೆಂದರು. ಆಮೇಲೆ ಪರದೇಶದ ಕಾರ್ಯಕ್ರಮ ಎಂದರು. ಬಿಡುಗಡೆಯ ದಿನ ಹತ್ತಿರ ಬಂತು. ಪೋಸ್ಟರಿನ ಮೇಲೆ, ಕ್ಯಾಸೆಟ್ಟಿನ ಮೇಲೆ ಅವಳ ಹೆಸರು ಅಚ್ಚಾಗಿಹೋಗಿತ್ತು. ಆ ಹೆಸರು ನೋಡಿಯೇ ಹಂಚಿಕೆದಾರರು ಚಿತ್ರ ಕೊಂಡಿದ್ದರು. ಕೊನೆಗೆ ಟ್ರ್ಯಾಕನ್ನೇ ಇಟ್ಟುಕೊಂಡು ಸಿನಿಮಾ ಬಿಟ್ಟರು. ದನಿ ಪಂಕಜಾಕ್ಷಿಯದು, ಹೆಸರು ಮಧುಮಾಲಾಳದು.

ಸಿನಿಮಾ ವಾರ ತುಂಬುವ ಮೊದಲೇ ಮಲಗಿತು. ಹಾಡು ಮಾತ್ರ ಬಿದ್ದ ಸಿನಿಮಾದ ಕೆಳಗಿಂದ ಎದ್ದು ಬಂತು. ಹೋಟೆಲು, ಬಸ್ಸು, ಕ್ಷೌರದಂಗಡಿ, ಎಲ್ಲಿ ನೋಡಿದರೂ ಬಾವಿಕಟ್ಟೆ. ಆ ನಗು ಬಂದಾಗ ಮಕ್ಕಳು ಅಮ್ಮಂದಿರ ಸೆರಗು ಹಿಡಿಯುತ್ತಿದ್ದರಂತೆ. ಪಂಕಜಾಕ್ಷಿ ಸ್ಟುಡಿಯೋಗೆ ಬಂದು, ನನ್ನ ಪಕ್ಕದಲ್ಲೇ ನಿಂತು, ಮಾಸ್ತರರನ್ನು ಕೇಳಿದಳು.

“ಸಾರ್, ಕ್ಯಾಸೆಟ್ಟಲ್ಲಿ ನನ್ ಹೆಸ್ರು?”

“ಮುಂದಿನ ಪಿಕ್ಚರಲ್ಲಿ ಹಾಕಿಸ್ತೀನಮ್ಮ. ಈಗ ಬಾಯಿ ಬಿಟ್ಟೆ ಅಂದ್ರೆ ಟ್ರ್ಯಾಕಿಗೂ ನಿನ್ನ ಯಾರೂ ಕರೆಯಲ್ಲ, ತಿಳ್ಕೊ.”

ಮುಂದಿನ ಪಿಕ್ಚರ್ ಬರಲೇ ಇಲ್ಲ. ಮಧುಮಾಲಾ ಮಾತ್ರ ಸಭೆ ಸಭೆಯಲ್ಲಿ ಆ ಹಾಡಿಗೆ ಶಾಲು ಹೊದೆಸಿಕೊಂಡಳು. ಜನ ಹಾಡಿ ಎಂದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದಳಂತೆ. ಸ್ಟುಡಿಯೋಗೆ ಬಂದ ವಾದ್ಯದವರು ಇದನ್ನು ಹೇಳಿಕೊಂಡು ನಗುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಡಿದ್ದರೆ ತಾನೇ ಬರುವುದು? ನಾಚಿಕೆ ಎಂಬುದು ಆ ಹೆಂಗಸಿನ ಹತ್ತಿರ ಸುಳಿಯಲೂ ಇಲ್ಲ.

ಸ್ಟುಡಿಯೋ ಮುಚ್ಚಿದಾಗ ನನ್ನನ್ನು ಕೊಂಡವನು ದಾವಣಗೆರೆಯ ಸ್ಟೈಲ್ ಸೋಮಣ್ಣ. ಅವನದೊಂದು ಆರ್ಕೆಸ್ಟ್ರಾ. ಕರಿ ಕನ್ನಡಕ, ಮಿಂಚಿನ ಕೋಟು, ಬಾಯಿ ತುಂಬ ಮಾತು. ನಾನು ಬಾವಿಕಟ್ಟೆ ಹಾಡಿನ ಸ್ಟುಡಿಯೋದಿಂದ ಬಂದವನೆಂದು ಗೊತ್ತಾದದ್ದೇ ತಡ, ಆ ಚೀಟಿ ಬರೆದು ನನ್ನ ಹೊಟ್ಟೆಗೆ ಅಂಟಿಸಿದ. ಜನ ವೇದಿಕೆಯ ಹತ್ತಿರ ಬಂದು ನನ್ನನ್ನು ಮುಟ್ಟಿ ನೋಡುತ್ತಿದ್ದರು. ಸುಳ್ಳು ಹೊತ್ತುಕೊಂಡು ನಿಲ್ಲುವುದೇ ನನ್ನ ಉದ್ಯೋಗವಾಯಿತು.

ಕೆಲವು ಕಾಲದ ಮೇಲೆ ಅದೇ ಆರ್ಕೆಸ್ಟ್ರಾಗೆ ಪಂಕಜಾಕ್ಷಿಯೂ ಹೊಟ್ಟೆಪಾಡಿಗೆ ಬಂದು ಸೇರಿದಳು. ಮೊದಲ ದಿನ ನನ್ನನ್ನು ಕಂಡು, ಕೆನ್ನೆಯ ತಗ್ಗಿನ ಮೇಲೆ ಹೆಬ್ಬೆರಳಿಟ್ಟಳು. ಆಮೇಲೆ ಚೀಟಿ ಓದಿದಳು. ಅಂದು ಸಂಜೆ ಸೋಮಣ್ಣ ಅವಳನ್ನು ಜನರಿಗೆ ಪರಿಚಯಿಸಿದ್ದು ಹೀಗೆ: “ಈಗ ನಿಮ್ಮ ಮುಂದೆ, ಕರ್ನಾಟಕದ ಎರಡನೇ ಮಧುಮಾಲಾ.” ಅವಳು ಬಾವಿಕಟ್ಟೆ ಹಾಡಿದಳು. ಮುಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಒಬ್ಬ ದೊಡ್ಡಮನುಷ್ಯ ಪಕ್ಕದವನಿಗೆ, “ಪರವಾಗಿಲ್ಲ, ಆದ್ರ ಒರಿಜಿನಲ್ ಹಂಗ ಇಲ್ಲ ಬಿಡು,” ಎಂದ. ತನ್ನದೇ ದನಿಗೆ ತಾನೇ ನಕಲಾಗುವ ಗತಿ ಯಾರಿಗಾದರೂ ಬಂದದ್ದುಂಟೆ? ನಾನು ಆ ಕ್ಷಣ ಕೀ ಎಂದು ಕಿರುಚಿದೆ. ಮೈಕು ಸರಿಯಿಲ್ಲವೆಂದು ಸೋಮಣ್ಣ ನನ್ನ ತಲೆಗೆ ಮೊಟಕಿದ.

ಒಮ್ಮೆ ಮಾತ್ರ ಅವಳು ಸೋಮಣ್ಣನಿಗೆ ನಿಜ ಹೇಳಿದಳು. ಊಟದ ಹೊತ್ತು, ಎಲೆಯ ಮುಂದೆ, ಮೆಲ್ಲಗೆ. ಅವನು ಹೂಂಗುಟ್ಟಿದ. ಮಾರನೇ ದಿನ ವೇದಿಕೆಯ ಮೇಲೆ ಅದನ್ನೇ ತಮಾಷೆ ಮಾಡಿದ: “ನಮ್ ಪಂಕಜಕ್ಕ ಹೇಳ್ತಾಳ, ಒರಿಜಿನಲ್ ಹಾಡಿದ್ದೂ ತಾನೇ ಅಂತ. ನಾಳೆ ತಾಜಮಹಲೂ ನಾನೇ ಕಟ್ಟಿಸಿದ್ದು ಅಂದಾಳು.” ಮೈದಾನವೇ ನಕ್ಕಿತು. ಅವಳೂ ನನ್ನ ಮುಂದೆ ನಿಂತು ಹಲ್ಲು ತೋರಿಸಿದಳು. ಅವಳ ಉಸಿರು ನಡುಗುತ್ತಿದ್ದದ್ದು ನನಗೊಬ್ಬನಿಗೇ ಕೇಳಿಸಿತು. ಆಮೇಲೆ ಅವಳು ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ಜನಕ್ಕೆ ಹಾಡು ಹಳತಾದಾಗ ಸೋಮಣ್ಣ ಅದಕ್ಕೊಂದು ಅಣಕ ಕಟ್ಟಿದ. ‘ರೇಷನ್ ಅಂಗ್ಡಿಗೆ ಬಾರೋ, ಸೀಮೆಎಣ್ಣೆ ಡಬ್ಬ ತಾರೋ.’ ಅದನ್ನೂ ಅವಳ ಕೈಲೇ ಹಾಡಿಸಿದ, ಕೈಗೊಂದು ಡಬ್ಬ ಕೊಟ್ಟು. ಅದು ಹಿಡಿಯಿತು ನೋಡಿ, ಊರೂರಲ್ಲಿ ಅವಳ ಹೆಸರೇ ಪ್ಯಾರಡಿ ಪಂಕಜಕ್ಕ ಎಂದಾಯಿತು. ಡಬ್ಬ ಬಡಿಯುತ್ತ ಹಾಡುವುದಕ್ಕೆ ಅವಳು ಒಪ್ಪಿಕೊಂಡಳು. ಒಂದಕ್ಕೆ ಮಾತ್ರ ಒಪ್ಪಲಿಲ್ಲ. “ಆ ನಗು ನಂಗೆ ಬರಲ್ಲ ಸೋಮಣ್ಣ. ಬೇಕಿದ್ರೆ ಕ್ಲಾರಿನೆಟ್ಟಲ್ಲಿ ಊದಿಸ್ಕೊ.” ಕೊನೆಯವರೆಗೂ ಊದಿಸಿದರು. ಆ ನಗುವೊಂದನ್ನು ಅವಳು ಯಾರಿಗೂ ಕೊಡದೆ ಉಳಿಸಿಕೊಂಡಳು.

ಆರ್ಕೆಸ್ಟ್ರಾಗಳ ಕಾಲ ಮುಗಿಯಿತು. ಸೋಮಣ್ಣ ತೀರಿಕೊಂಡ. ಅವನ ಮನೆಯವರು ನನ್ನನ್ನು ಗುಜರಿಗೆ ಹಾಕಿದರು. ಕೈಯಿಂದ ಕೈಗೆ ಹೋಗಿ, ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ, ಕೆಟ್ಟ ಇಸ್ತ್ರಿಪೆಟ್ಟಿಗೆ ಮತ್ತು ಗೊಂಬೆಯ ಕಾಲುಗಳ ನಡುವೆ ಬಿದ್ದಿದ್ದೆ. ಅಲ್ಲಿ ನನ್ನ ಚೀಟಿ ಓದಿ ಹಿರಿಹಿರಿ ಹಿಗ್ಗಿದವನು ನಿಶ್ಚಿತ್.

ನಿಶ್ಚಿತ್ ಮತ್ತು ಅವನ ಗೆಳತಿ ಅಪೇಕ್ಷಾ ಪಾಡ್‌ಕಾಸ್ಟ್ ಮಾಡುವವರು. ಹಳೆಯ ದೆವ್ವದ ಸಿನಿಮಾ, ಅಣಕು ಹಾಡು, ಒಂದೇ ಹಾಡಿಗೆ ಹೆಸರಾಗಿ ಮರೆಯಾದವರು, ಇವರ ಕಥೆಗಳನ್ನು ಕೂತು ಹರಟುತ್ತಾರೆ, ಜನ ಫೋನಿನಲ್ಲಿ ಕೇಳುತ್ತಾರೆ. ಕೋಣೆಯ ಗೋಡೆಗೆ ಸ್ಪಂಜು, ಮೇಜಿನ ಮೇಲೆ ಹೊಸ ಮೈಕುಗಳು. ನನ್ನ ವೈರು ಕತ್ತರಿಸಿ, ಕುತ್ತಿಗೆಗೆ ಮಿಣಿಮಿಣಿ ದೀಪದ ಸರ ಸುತ್ತಿ, ಅಲಂಕಾರಕ್ಕೆ ಮೇಜಿನ ಮೂಲೆಯಲ್ಲಿ ನಿಲ್ಲಿಸಿದರು. ಈ ವಯಸ್ಸಿನಲ್ಲಿ ನನಗೆ ದೀಪದ ಸರ ಬೇಕಿತ್ತೇ?

ವಾರ ತುಂಬದೆ ಮಲಗಿದ ‘ಬಾವಿಮನೆ ರಹಸ್ಯ’ಕ್ಕೆ ಈಗ ಹೊಸ ಭಕ್ತರು ಹುಟ್ಟಿಕೊಂಡಿದ್ದರು. ಹುಡುಗರು ಗುಂಪಾಗಿ ಕೂತು ನೋಡಿ, ಮಾತು ಮಾತಿಗೂ ಚಪ್ಪಾಳೆ ಹೊಡೆಯುತ್ತಾರಂತೆ. ಸರಿ, ಇವರಿಬ್ಬರೂ ಅದರ ಮೇಲೆ ಒಂದು ಕಂತು ಮಾಡಿದರು. ಏನೇನು ಹೇಳಿದರು ಗೊತ್ತೇ? ಆ ನಗುವನ್ನು ಪಾಳುಬಾವಿಯೊಳಗೆ ಮೈಕು ಇಳಿಬಿಟ್ಟು ಹಿಡಿದದ್ದಂತೆ. ಮಧುಮಾಲಾಗೆ ಅಂದಿನಿಂದ ಜ್ವರವಂತೆ. ಅದಕ್ಕೇ ಆಕೆ ಆ ಹಾಡನ್ನು ಮತ್ತೆ ಹಾಡಲಿಲ್ಲವಂತೆ. ಇಳಿಬಿಟ್ಟ ಮೈಕು ಇದೇ ಎಂದು ನನ್ನ ತಲೆ ಸವರಿದರು. ಯಾವ ಬಾವಿ? ಶಿವಲಿಂಗಯ್ಯನ ತಗಡಿನ ಬಕೀಟು ಕಣ್ರೋ ಅದು. ಒಬ್ಬರನ್ನಾದರೂ ವಿಚಾರಿಸಿದಿರಾ? ಬಾಯಿಗೆ ಬಂದದ್ದನ್ನು ಹೇಳಲು ನಿಮಗೆ ಅಷ್ಟು ಹೊಸ ಮೈಕುಗಳು ಬೇಕೇ?

ಮುಂದಿನ ಕಂತು ಅಣಕು ಹಾಡುಗಳ ಮೇಲೆ. ಅದಕ್ಕೆ ಅತಿಥಿಯಾಗಿ ತಿಪಟೂರಿನಿಂದ ಪ್ಯಾರಡಿ ಪಂಕಜಕ್ಕನನ್ನು ಕರೆಸಿದರು.

ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಕಣ್ಣು ನನ್ನ ಮೇಲೆ ಬಿತ್ತು. ದೀಪದ ಸರವನ್ನು ಸರಿಸಿ ಕೆನ್ನೆಯ ತಗ್ಗನ್ನು ಮುಟ್ಟಿದಳು. ಹೆಬ್ಬೆರಳು ಅದೇ, ಒರಟಾಗಿತ್ತು ಅಷ್ಟೆ. ಅವರು ಸೀಮೆಎಣ್ಣೆ ಹಾಡು ಕೇಳಿದರು, ಹಾಡಿದಳು. ಡಬ್ಬದ ಕಥೆ ಕೇಳಿದರು, ಹೇಳಿದಳು. ಒರಿಜಿನಲ್ ಹಾಡಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನನಗೆ ಅಲ್ಲೇ ಸಿಡಿದು ಚೂರಾಗಬೇಕೆನಿಸಿತು.

ಮುಗಿಯುವ ಮುನ್ನ ಅಪೇಕ್ಷಾ, “ನಿಮಗೆ ಗೊತ್ತಾ ಆಂಟಿ, ಒರಿಜಿನಲ್ ನಗು ಪಾಳುಬಾವಿಯಲ್ಲಿ ರೆಕಾರ್ಡ್ ಮಾಡಿದ್ದು. ಈ ಮೈಕನ್ನೇ ಒಳಗೆ ಇಳಿಸಿದ್ರು,” ಎಂದಳು.

ಪಂಕಜಾಕ್ಷಿ ಅವಳ ಮುಖ ನೋಡಿದಳು. ನನ್ನನ್ನು ನೋಡಿದಳು. ಅವಳ ಕಣ್ಣ ಮುಂದೆ ಮಾಸ್ತರರ ಒದ್ದೆ ಪಂಚೆ ಬಂದಿರಬೇಕು, ನನಗಂತೂ ಬಂತು. ಉಸಿರು ಸಿಕ್ಕಿಕೊಂಡಿತು. ಎರಡು ಬಿಕ್ಕು. ಆಮೇಲೆ ಕೆಳಗಿನಿಂದ ಮೇಲಕ್ಕೆ, ಏರುತ್ತ, ಏರುತ್ತ ಹೋಗಿ, ತುದಿಯಲ್ಲಿ ನಿಂತುಬಿಟ್ಟಿತು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಇಬ್ಬರೂ ಅಲ್ಲಾಡಲಿಲ್ಲ. ಆ ನಗುವನ್ನು ಅವರು ವಾರಗಟ್ಟಲೆ ಹಾಕಿ ಹಾಕಿ ಕೇಳಿದ್ದರು. ನಿಶ್ಚಿತ್‌ನ ತೋಳಿನ ಕೂದಲು ನಿಮಿರಿ ನಿಂತದ್ದು ನನಗೆ ಕಾಣುತ್ತಿತ್ತು.

“ಅಮ್ಮ,” ಎಂದ ಅವನು ಕೊನೆಗೆ. “ಅದು ನೀವಾ?”

ಎಲೆಯ ಮುಂದೆ ಹೇಳಿದ ಮಾತು ಮೈದಾನದ ನಗೆಪಾಟಲಾದದ್ದನ್ನು ಅವಳು ಮರೆತಿರಲಿಲ್ಲ.

“ಹೇಳಿದ್ರೆ ನಗ್ತೀರಾ?” ಎಂದಳು.

“ಇಲ್ಲಮ್ಮ.”

“ನಾನೇ. ನಗೂ ನಂದು, ಹಾಡೂ ನಂದು. ಟ್ರ್ಯಾಕು ಅಂತ ಹಾಡ್ಸಿದ್ರು. ಅದನ್ನೇ ಇಟ್ಕೊಂಡು ನನ್ ಹೆಸ್ರು ಬಿಟ್ರು. ಇಷ್ಟು ವರ್ಷ ನನ್ನ ಹಾಡಿಗೇ ನಾನು ಡಬ್ಬ ಬಡಿದೆ. ಒಬ್ಬರಾದ್ರೂ ಕೇಳಿದ್ರೇನಪ್ಪ? ನೀವೂ ಇಷ್ಟೊತ್ತಿನ ತನಕ ಕೇಳಲಿಲ್ಲ.” ದನಿ ಏರಿತ್ತು. ಅಭ್ಯಾಸ ಬಲದಿಂದ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಮಾತೆಲ್ಲ ನನ್ನ ಮುಖಕ್ಕೇ ಬೀಳುತ್ತಿತ್ತು.

“ಅಮ್ಮ, ಅದು ಸತ್ತಿರೋ ಮೈಕು,” ಎಂದ ನಿಶ್ಚಿತ್ ಮೆಲ್ಲಗೆ. “ಇದರಲ್ಲಿ ಹೇಳಿ. ಹೆಸರು ಸಮೇತ ಹೇಳಿ.”

“ಅದಕ್ಕೆ ಹೇಳ್ತಿಲ್ಲಪ್ಪ. ಅದಕ್ಕೆ ಅವತ್ತಿಂದ ಗೊತ್ತು.”

ಆಮೇಲೆ ಹೊಸ ಮೈಕಿನ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಹೇಳಿದಳು: “ಬಾವಿಕಟ್ಟೆ ಹಾಡು ಹಾಡಿದವಳು ತಿಪಟೂರಿನ ಪಂಕಜಾಕ್ಷಿ.”

ಅದು ಹಾಗೆಯೇ ಜನಕ್ಕೆ ಹೋಯಿತು, ಒಂದಕ್ಷರ ಕತ್ತರಿಸದೆ. ಈಗ ನನ್ನ ಕುತ್ತಿಗೆಯಲ್ಲಿ ದೀಪದ ಸರವಿಲ್ಲ. ಮೂಲೆಯಲ್ಲಿ ನೆಮ್ಮದಿಯಾಗಿದ್ದೇನೆ. ಸತ್ತಿದೆ ಎಂದನಲ್ಲ ಆ ಹುಡುಗ, ಆ ಒಂದು ಸಿಟ್ಟು ಇನ್ನೂ ಇದೆ. ಮಾಸ್ತರರು, ಸೋಮಣ್ಣ, ಆ ಮಹಾತಾಯಿ, ಎಲ್ಲರ ಮೇಲಿನದೂ ಹಾಗೇ ಇದೆ. ಒಂದು ಹೆಸರು ಹೇಳಲು ಒಂದು ಉಸಿರು ಸಾಕಿತ್ತು. ಅಷ್ಟಕ್ಕೆ ಒಬ್ಬ ಹೆಂಗಸಿನ ತಲೆ ನೆರೆಯುವ ತನಕ ಕಾಯಿಸಿದರು.

ಅಂದು ಹೊರಡುವ ಮುಂಚೆ ಅವಳು ನನ್ನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಉಗುರಿನಿಂದ ನನ್ನ ಹೊಟ್ಟೆಯ ಚೀಟಿಯನ್ನು ಕೆರೆದಳು. ಹಳೆಯ ಅಂಟು, ಸುಲಭಕ್ಕೆ ಬರಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದರೂ ಕೇಳದೆ, ಕೊನೆಯ ಚೂರು ಹೋಗುವ ತನಕ ಕೆರೆಯುತ್ತಲೇ ಕೂತಿದ್ದಳು.